ಕೆಲಸ ಹುಡುಕುವಾಗ ಅರ್ಧ ದಿನದ ಕೆಲಸ

ನಮ್ಮ ಕಂಪನಿ ಅಕೌಂಟ್ಸ್ ವಿಭಾಗವನ್ನೇ ಹೊರಗಿನವರಿಗೆ ವಹಿಸಿದಾಗ ನನ್ನ ಕೆಲಸ ಹೋಯಿತು. ಆಮೇಲೆ ಬೆಳಿಗ್ಗೆ ಎದ್ದರೆ ರೆಸ್ಯೂಮ್ ಕಳಿಸುವುದು, ಕರೆ ಬಂದರೆ ಪೀಣ್ಯಕ್ಕೋ ವೈಟ್‌ಫೀಲ್ಡಿಗೋ ಓಡುವುದು, ಸಂಜೆ ಬಂದು ಮತ್ತೆ ಫೋನ್ ನೋಡುತ್ತಾ ಕೂರುವುದು. ವಿಜಯನಗರದ ಮನೆ ಬಾಡಿಗೆ ಕಟ್ಟುವ ದಿನ ಮಾತ್ರ ತಿಂಗಳು ತಿಂಗಳು ತಪ್ಪದೆ ಬರುತ್ತಿತ್ತು.

"ಯುವನಿಧಿ ಸಿಗಲ್ವಾ ನಿಂಗೆ?" ಅಂತ ಅತ್ತಿಗೆ ಕೇಳಿದರು. ಅದು ಈಚೆಗೆ ಓದು ಮುಗಿಸಿ ಕೆಲಸ ಸಿಗದವರಿಗೆ ರಾಜ್ಯ ಸರ್ಕಾರ ಕೊಡುವ ಭತ್ಯೆ. ಪದವಿ ಆದವರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500. ವರ್ಷಗಟ್ಟಲೆ ದುಡಿದು ಮಧ್ಯದಲ್ಲಿ ಕೆಲಸ ಕಳೆದುಕೊಂಡ ನನ್ನಂಥವರಿಗಲ್ಲ.

ಹಾಗಾಗಿ ಪಾರ್ಟ್ ಟೈಮ್ ಯೋಚನೆ ಬಂತು. ಮನೆಯಲ್ಲೇ ಕೂತು ಡೇಟಾ ಎಂಟ್ರಿ ಅನ್ನುವ ಮೆಸೇಜುಗಳಿಗೆ ನಾನು ಉತ್ತರವನ್ನೇ ಕೊಡಲಿಲ್ಲ, ಯಾಕಂದ್ರೆ ಮೊದಲು ನೋಂದಣಿಗೆ ದುಡ್ಡು ಕಟ್ಟಿ ಅನ್ನುವವರು ಕೆಲಸ ಕೊಡುವವರಲ್ಲ. ರಾತ್ರಿ ಪಾಳಿಯ ಕಾಲ್ ಸೆಂಟರ್‌ನಲ್ಲಿ ಸಂಬಳ ಚೆನ್ನಾಗಿತ್ತು. ಆದರೆ ಬೆಳಗಿನ ಜಾವ ಮನೆಗೆ ಬಂದು ಮಲಗಿದವಳು 11 ಗಂಟೆಯ ಇಂಟರ್‌ವ್ಯೂಗೆ ಯಾವ ಮುಖದಲ್ಲಿ ಹೋಗುವುದು? ಪಿಯುಸಿ ಮಕ್ಕಳಿಗೆ ಅಕೌಂಟೆನ್ಸಿ ಟ್ಯೂಷನ್ ಹೇಳುವುದು ನನಗೆ ಇಷ್ಟವೇ, ಆದರೆ ಕೆಲಸ ಸಿಕ್ಕ ದಿನ ಪರೀಕ್ಷೆ ಹತ್ತಿರ ಇರುವ ಮಕ್ಕಳನ್ನು ನಡುವೆ ಬಿಟ್ಟು ಹೋಗುವುದು ಸರಿಯಲ್ಲ.

ಅಷ್ಟರಲ್ಲಿ ಹಳೆಯ ಸಹೋದ್ಯೋಗಿಯೊಬ್ಬರು ರಾಜಾಜಿನಗರದ ಒಬ್ಬ ಆಡಿಟರ್ ಬಗ್ಗೆ ಹೇಳಿದರು. ಮಧ್ಯಾಹ್ನ ಎರಡೂವರೆಯಿಂದ ಸಂಜೆ ಏಳರವರೆಗೆ ಕೆಲಸ, ಹಳೆ ಸಂಬಳದ ಮೂರನೇ ಒಂದು ಭಾಗವೂ ಇಲ್ಲ. ಹೋಗಲೋ ಬೇಡವೋ ಅಂತ ಎರಡು ಮನಸ್ಸಿತ್ತು. ಆದರೂ ಮಾತಾಡಿ ನೋಡೋಣ ಅಂತ ಹೋದೆ.

ಹಿಂದಿನ ಇಂಟರ್‌ವ್ಯೂ ಒಂದು ನನ್ನನ್ನು ಕೊರೆಯುತ್ತಿತ್ತು. ಜಿಎಸ್‌ಟಿ ಪೋರ್ಟಲ್‌ಗೆ 2024ರ ಅಕ್ಟೋಬರ್‌ನಲ್ಲಿ ಐಎಂಎಸ್ (ಇನ್‌ವಾಯ್ಸ್ ಮ್ಯಾನೇಜ್‌ಮೆಂಟ್ ಸಿಸ್ಟಮ್) ಅನ್ನುವ ವ್ಯವಸ್ಥೆ ಬಂತಲ್ಲ, ಸಪ್ಲೈಯರ್ ಹಾಕಿದ ಬಿಲ್ಲನ್ನು ನಾವು ಒಪ್ಪುವುದು, ತಿರಸ್ಕರಿಸುವುದು, ಇಲ್ಲ ಬಾಕಿ ಇಡುವುದು, ಅದರ ಬಗ್ಗೆ ಕೇಳಿದ್ದರು. ಕಂಪನಿಯಲ್ಲಿ ನನ್ನ ಪಾಲಿಗೆ ಇದ್ದದ್ದು ವೆಂಡರ್ ಪೇಮೆಂಟ್ ಮಾತ್ರ, ಆ ಸ್ಕ್ರೀನನ್ನು ನಾನು ತೆರೆದೇ ಇರಲಿಲ್ಲ. ಈ ಆಫೀಸಿನಲ್ಲಿ ಹೋಟೆಲಿನವರು, ಹಾರ್ಡ್‌ವೇರ್ ಅಂಗಡಿಯವರು, ಸಣ್ಣ ವರ್ಕ್‌ಶಾಪಿನವರು, ಎಲ್ಲರ ಲೆಕ್ಕವೂ ಬರುತ್ತದೆ. ತಿಂಗಳ 11ಕ್ಕೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1, 14ಕ್ಕೆ ಸಪ್ಲೈಯರ್‌ಗಳು ಹಾಕಿದ ಬಿಲ್ಲುಗಳ ಪಟ್ಟಿ 2ಬಿ ಬಂದ ಮೇಲೆ ಖರೀದಿ ಪುಸ್ತಕದ ಜೊತೆ ತಾಳೆ ನೋಡುವುದು, 20ಕ್ಕೆ ತೆರಿಗೆ ಕಟ್ಟಿ ಸಲ್ಲಿಸುವ 3ಬಿ. ನನಗೆ ಕಲಿಯಬೇಕಾಗಿದ್ದೇ ಇದು! ಸಂಬಳ ಕಮ್ಮಿ ಅನ್ನುವ ಬೇಜಾರು ಅಲ್ಲಿ ಕೂತಿದ್ದಾಗಲೇ ಅರ್ಧ ಇಳಿಯಿತು.

ನಾನು ನೇರವಾಗಿ ಕೇಳಿದೆ, "ಸರ್, ನಾನು ಫುಲ್ ಟೈಮ್ ಕೆಲಸ ಹುಡುಕ್ತಿದ್ದೀನಿ. ಸಿಕ್ಕರೆ ಹೋಗ್ತೀನಿ. ಪರವಾಗಿಲ್ವಾ?" ಇದನ್ನು ಮುಚ್ಚಿಟ್ಟು ಸೇರುವುದು ನನಗೆ ಆಗುವುದಿಲ್ಲ. ಅವರು ಕನ್ನಡಕ ತೆಗೆದು, "ಹೋಗಮ್ಮ, ಬೇಡ ಅನ್ನಲ್ಲ. 15 ದಿನ ಮುಂಚೆ ಹೇಳು. ಇಂಟರ್‌ವ್ಯೂ ಇದ್ರೆ ಹಿಂದಿನ ದಿನ ಹೇಳಿದ್ರೆ ಸಾಕು, 11 ಮತ್ತು 20 ಮಾತ್ರ ಬಿಟ್ಟು" ಅಂದರು. ಬಿಡುವಾಗ ಅನುಭವ ಪತ್ರ ಬೇಕು ಅಂತಲೂ ಕೇಳಿದೆ, ಒಪ್ಪಿದರು. ಅವರದು ಐದಾರು ಜನರ ಆಫೀಸು, 20 ಜನರಿಗಿಂತ ಕಮ್ಮಿ ಇದ್ದರೆ ಪಿಎಫ್ ಕಡ್ಡಾಯವಿಲ್ಲ. ಹಾಗಾಗಿ ಇಲ್ಲಿ ದುಡಿದದ್ದಕ್ಕೆ ನನ್ನ ಕೈಯಲ್ಲಿ ಇರುವ ದಾಖಲೆ ಅಂದ್ರೆ ಆ ಪತ್ರವೇ.

ಅಮ್ಮನಿಗೆ ಫೋನ್ ಮಾಡಿದೆ. "ಎಂ.ಕಾಂ ಮಾಡಿ ಅರ್ಧ ದಿನದ ಕೆಲಸಾನಾ?" ಅಂದರು. ಅವರಿಗೆ ನೋವಾಗಿತ್ತು, ನನಗೂ ಗೊತ್ತಾಯಿತು. ಬೆಳಗಿನ ಹೊತ್ತೆಲ್ಲ ನನ್ನದೇ ಇರುತ್ತಮ್ಮ, ಹುಡುಕೋದು ಬಿಡಲ್ಲ ಅಂತ ಹೇಳಿದ ಮೇಲೆ ಸ್ವಲ್ಪ ಸಮಾಧಾನವಾಯಿತು.

ಸೋಮವಾರದಿಂದ ಹೋಗುತ್ತಿದ್ದೇನೆ. ಬರುವ ಮಂಗಳವಾರ ಬೆಳಿಗ್ಗೆ ಪೀಣ್ಯದಲ್ಲಿ ಇಂಟರ್‌ವ್ಯೂ ಇದೆ. ಮುಗಿಸಿ ಗ್ರೀನ್ ಲೈನ್ ಮೆಟ್ರೋ ಹತ್ತಿದರೆ ನೇರ ರಾಜಾಜಿನಗರ, ಎರಡೂವರೆಗೆ ಆರಾಮಾಗಿ ತಲುಪಬಹುದು. ಈ ಸಲ ಐಎಂಎಸ್ ಬಗ್ಗೆ ಕೇಳಲಿ ಅಂತಲೇ ಕಾಯುತ್ತಿದ್ದೇನೆ.