ಟ್ರಾಕ್ಟರ್ ಹೋಗುವ ದಾರಿ ಸಾಕು: ಘಾಟಿ, ಮಾಕಳಿದುರ್ಗದ ಸುತ್ತ ಗರಸು ರಸ್ತೆಯ ಸೈಕಲ್ ಸವಾರಿ

ಬೆಂಗಳೂರಿನಲ್ಲಿ ಸೈಕಲ್ ತುಳಿಯುವವರಿಗೆ ಭಾನುವಾರ ಬೆಳಿಗ್ಗೆ ಅಂದರೆ ನಂದಿ ಬೆಟ್ಟ. ನಾನೂ ಐದಾರು ವರ್ಷ ಅದನ್ನೇ ಮಾಡಿದೆ. ಕತ್ತಲಲ್ಲೇ ಎದ್ದು, ಏರ್‌ಪೋರ್ಟ್ ರಸ್ತೆಯಲ್ಲಿ ಟ್ಯಾಕ್ಸಿಗಳ ಗಾಳಿಗೆ ಓಲಾಡುತ್ತಾ ಹೋಗಿ, ಬೆಟ್ಟ ಹತ್ತುವಾಗ ಕಾರುಗಳ ಹೊಗೆ ಕುಡಿದು ಬರುವುದು. ಬೆಟ್ಟದ ತಪ್ಪಲ್ಲ ಬಿಡಿ. 1478 ಮೀಟರ್ ಎತ್ತರ, ಮಂಜು, ಸೂರ್ಯೋದಯ ಅಂದರೆ ಊರಿಗೆ ಊರೇ ಬರುತ್ತದೆ. ಆದರೆ ಆ ಬೆಟ್ಟದ ಪಶ್ಚಿಮಕ್ಕೆ, ದೊಡ್ಡಬಳ್ಳಾಪುರ ದಾಟಿದ ಮೇಲೆ, ಎರಡು ಗಂಟೆ ತುಳಿದರೂ ಒಂದು ಕಾರು ಎದುರಾಗದ ಮಣ್ಣು ರಸ್ತೆಗಳಿವೆ. ಜನವರಿ ಕೊನೆಯ ಒಂದು ಶನಿವಾರ ನಾನು ಮತ್ತು ನನ್ನ ಭಾಮೈದ ಅಲ್ಲಿ 54 ಕಿಲೋಮೀಟರ್ ತುಳಿದು ಬಂದೆವು. ಹೋಗುವ ಯೋಚನೆ ಇರುವವರಿಗೆ ಬೇಕಾದದ್ದನ್ನು ಬರೆಯುತ್ತೇನೆ. ನಾವು ಮಾಡಿದ ಎಡವಟ್ಟುಗಳೂ ಇದರಲ್ಲಿವೆ.

ಮೊದಲನೆಯದು, ಮನೆಯಿಂದಲೇ ತುಳಿಯುವ ಹಟ ಬೇಡ. ಯಲಹಂಕ, ರಾಜಾನುಕುಂಟೆ, ದೊಡ್ಡಬಳ್ಳಾಪುರದ ರಸ್ತೆಯಲ್ಲಿ ಬೆಳಗಿನ ಜಾವಕ್ಕೇ ಲಾರಿಗಳು ಶುರುವಾಗುತ್ತವೆ. ನಾವು ಮುಂದಿನ ಚಕ್ರ ಬಿಚ್ಚಿ ಎರಡೂ ಸೈಕಲ್‌ಗಳನ್ನು ಕಾರಿನ ಹಿಂದಿನ ಸೀಟು ಮಡಚಿ ಮಲಗಿಸಿದೆವು. ಹಳೇ ಬೆಡ್‌ಶೀಟ್ ಹಾಸಿಕೊಳ್ಳಿ, ಇಲ್ಲದಿದ್ದರೆ ಚೈನಿನ ಎಣ್ಣೆ ಸೀಟಿಗೆ. ಘಾಟಿ ಸುಬ್ರಹ್ಮಣ್ಯ ದೇವಸ್ಥಾನದ ಹತ್ತಿರ ಕಾರು ನಿಲ್ಲಿಸಿ, ಆರೂವರೆಗೆ ಹೊರಟೆವು.

ಘಾಟಿಗೆ ಯಾವ ದಿನ ಹೋಗುತ್ತೀರಿ ಅನ್ನುವುದು ಮುಖ್ಯ. ಭಾನುವಾರ, ಮಂಗಳವಾರ ಮತ್ತು ಷಷ್ಠಿ ದಿನ ಜನ ಜಾಸ್ತಿ. ಪುಷ್ಯ ಶುದ್ಧ ಷಷ್ಠಿಗೆ ತೇರು. ಆ ಸುಮಾರಿಗೆ ದನಗಳ ಜಾತ್ರೆಯೂ ಸೇರುತ್ತದೆ. ಜಾತ್ರೆ ನೋಡಲೇಬೇಕಾದದ್ದು, ಆದರೆ ಸೈಕಲ್ ಮನೆಯಲ್ಲಿ ಬಿಟ್ಟು ಹೋಗಿ ನೋಡಿ. ಇನ್ನು ಕೋತಿಗಳು. ಭಾಮೈದ ಬಾಳೆಹಣ್ಣಿನ ಚೀಲವನ್ನು ಹ್ಯಾಂಡಲ್‌ಗೆ ಸಿಕ್ಕಿಸಿ ಶೂ ಲೇಸ್ ಕಟ್ಟಲು ಬಗ್ಗಿದ. ಅಷ್ಟೇ. ಆ ದಿನದ ಮೊದಲ ನಷ್ಟ ಅರ್ಧ ಡಜನ್ ಏಲಕ್ಕಿ ಬಾಳೆ.

ಘಾಟಿಯಿಂದ ಮಾಕಳಿದುರ್ಗದ ರೈಲು ನಿಲ್ದಾಣದ ಕಡೆಗೆ ಟಾರು ರಸ್ತೆ ಇದೆ, ಅದು ಸುಮಾರಾಗಿ ಖಾಲಿ. ನಿಜವಾದ ರುಚಿ ಇರುವುದು ಅದರಿಂದ ಕವಲೊಡೆಯುವ ದಾರಿಗಳಲ್ಲಿ. ಇಲ್ಲಿನವರು ಅವನ್ನು ನಕಾಶೆ ರಸ್ತೆ, ಬಂಡಿ ದಾರಿ ಅನ್ನುತ್ತಾರೆ. ನೆಲ ಕೆಂಪು ಮಣ್ಣು, ಮೇಲೆ ಸಣ್ಣ ಗರಸು. ಒಂದು ಬದಿ ನೀಲಗಿರಿ ತೋಪು, ಇನ್ನೊಂದು ಬದಿ ರಾಗಿ ಕೊಯ್ದ ಹೊಲ, ನಡುನಡುವೆ ದ್ರಾಕ್ಷಿ ಚಪ್ಪರ. ಜಿಐ ಟ್ಯಾಗ್, ಅಂದರೆ ಇದು ಈ ಸೀಮೆಯದೇ ಬೆಳೆ ಅನ್ನುವ ಅಧಿಕೃತ ಗುರುತು ಸಿಕ್ಕಿರುವ ಬೆಂಗಳೂರು ನೀಲಿ ದ್ರಾಕ್ಷಿಯ ಸೀಮೆ ಇದು. ಎದುರಿಗೆ ಮಾಕಳಿದುರ್ಗದ ಬಂಡೆ ಬೆಳಗಿನ ಬಿಸಿಲಿಗೆ ಕೆಂಪಗೆ ನಿಂತಿರುತ್ತದೆ. ಅಲ್ಲಿ ಮೇಲೆ ಹಳೇ ಕೋಟೆ ಇದೆ, ಶಿವನ ಗುಡಿ ಇದೆ. ಚಾರಣಕ್ಕೆ ಮೊದಲೇ ಬುಕ್ ಮಾಡಿಕೊಂಡು ಹೋಗಬೇಕು. ಸೈಕಲ್‌ಗೆ ಅಲ್ಲಿ ಕೆಲಸವಿಲ್ಲ. ಕಾಯ್ದಿಟ್ಟ ಅರಣ್ಯದ ಬೋರ್ಡು ಕಂಡ ಕಡೆಯೂ ಹಾಗೇ, ಸುಮ್ನೆ ತಿರುಗಿಸಿಕೊಂಡು ಬನ್ನಿ. ರೈಲು ಹಳಿಯ ಮೇಲೆ ನಿಂತು ಫೋಟೋ ತೆಗೆಯುವವರು ಇಲ್ಲಿ ಇದ್ದೇ ಇರುತ್ತಾರೆ. ಗುಡ್ಡದ ತಿರುವಿನಲ್ಲಿ ರೈಲು ಹತ್ತಿರ ಬರುವವರೆಗೆ ಕಾಣುವುದಿಲ್ಲ. ದಯವಿಟ್ಟು ಬೇಡ.

ದಾರಿ ಹುಡುಕುವುದು ಹೇಗೆ ಅನ್ನುವುದೇ ಈ ಸವಾರಿಯಲ್ಲಿ ಕಲಿಯಬೇಕಾದ ವಿದ್ಯೆ. ನಾನು ಹಿಂದಿನ ರಾತ್ರಿ ಉಪಗ್ರಹ ನಕ್ಷೆ ನೋಡಿ ಕೆಂಪು ಗೆರೆಗಳನ್ನೆಲ್ಲ ಜೋಡಿಸಿ ಚಂದದ ಮಾರ್ಗ ಮಾಡಿಕೊಂಡಿದ್ದೆ. ಮೊದಲ ಗೆರೆ ಒಂದು ಬೋರ್‌ವೆಲ್ ಹತ್ತಿರ ಮುಗಿಯಿತು. ಎರಡನೆಯದು ಮುಳ್ಳುತಂತಿಯ ಬೇಲಿಗೆ. ಮೂರನೆಯದು ಒಂದು ಲೇಔಟಿನ ಕಮಾನಿನೊಳಗೆ ಕರೆದುಕೊಂಡು ಹೋಯಿತು. ಲೇಔಟ್ ರಸ್ತೆಗಳಷ್ಟು ಸೊಗಸಾದ ಗರಸು ಬೇರೆಲ್ಲೂ ಸಿಗುವುದಿಲ್ಲ. ಒಂದೇ ತೊಂದರೆ, ಅವು ಎಲ್ಲಿಗೂ ಹೋಗುವುದಿಲ್ಲ.

ಆಮೇಲೆ ಫೋನು ಜೇಬಿಗೆ ಹಾಕಿ ಕೇಳಲು ಶುರು ಮಾಡಿದೆವು. ಕೇಳುವುದರಲ್ಲೂ ಒಂದು ರೀತಿ ಇದೆ. "ಈ ದಾರಿ ಹೋಗುತ್ತಾ?" ಅಂದರೆ ಎಲ್ಲರೂ "ಓಗ್ತದೆ ಓಗಿ" ಅನ್ನುತ್ತಾರೆ. ಅವರು ನಡೆದು ಹೋಗುವ ದಾರಿ, ಅವರ ಪಾಲಿಗೆ ಅದು ಹೋಗುತ್ತದೆ. ಕುರಿ ಮೇಯಿಸುತ್ತಿದ್ದ ಒಬ್ಬ ತಾತ ಹಾಗೆ ಹೇಳಿ ನಮ್ಮನ್ನು ಹಾಸುಬಂಡೆಯ ಮೇಲೆ ಹತ್ತಿಸಿದ. ಸೈಕಲ್ ಹೊತ್ತುಕೊಂಡು ಇಳಿದೆವು. ಎರಡು ಪ್ರಶ್ನೆ ಸಾಕು. "ಹಾಲಿನ ಗಾಡಿ ಬರುತ್ತಾ?" ಬರುತ್ತದೆ ಅಂದರೆ ಅದು ಬಹುತೇಕ ಟಾರು ರಸ್ತೆ, ನಮಗೆ ಬೇಡ. "ಟ್ರಾಕ್ಟರ್ ಹೋಗುತ್ತಾ?" ಹೋಗುತ್ತದೆ, ಆದರೆ ಹಾಲಿನ ಗಾಡಿ ಬರಲ್ಲ ಅಂದರೆ ಅದೇ ನಮ್ಮ ದಾರಿ. ಅವತ್ತು ಈ ಲೆಕ್ಕ ಒಂದೇ ಒಂದು ಸಲ ತಪ್ಪಿತು. ಟ್ರಾಕ್ಟರ್ ಹೋಗುತ್ತಿತ್ತು, ಆದರೆ ಮುಂದೆ ಕಲ್ಲು ಕ್ವಾರಿ ಇತ್ತು. ಟಿಪ್ಪರ್‌ಗಳ ಧೂಳಿನಲ್ಲಿ ಇಬ್ಬರೂ ಬಣ್ಣ ಬದಲಾಯಿಸಿದೆವು.

ಕೆರೆ ಏರಿಗಳನ್ನು ಬಿಡಬೇಡಿ. ಅರ್ಕಾವತಿ ನಂದಿ ಬೆಟ್ಟದಲ್ಲಿ ಹುಟ್ಟಿ ಈ ತಾಲ್ಲೂಕಿನ ಮೇಲೇ ಹಾದು ಹೋಗುವ ನದಿ. ನಮ್ಮ ಕಣ್ಣಿಗೆ ಕಾಣುವುದು ಹೊಳೆಯಲ್ಲ, ಒಂದರ ಕೋಡಿ ಇನ್ನೊಂದಕ್ಕೆ ಹರಿಯುವ ಕೆರೆಗಳ ಸಾಲು. ಇದೇ ನೀರು ಕೆಳಗೆ ಹೆಸರಘಟ್ಟಕ್ಕೆ ಹೋಗಿ, 1894ರಿಂದ ಕೊಳವೆಯಲ್ಲಿ ಬೆಂಗಳೂರಿಗೆ ಬರುತ್ತಿತ್ತು. ಏರಿಯ ಮೇಲಿನ ದಾರಿ ಮಟ್ಟಸ, ಏರಿಳಿತ ಇಲ್ಲ, ಕಾಲಿಗೆ ವಿಶ್ರಾಂತಿ. ಕೋಡಿಯ ಹತ್ತಿರ ಮಾತ್ರ ಇಳಿದು ತಳ್ಳಿ, ಪಾಚಿ ಕಟ್ಟಿದ ಕಲ್ಲು ಟೈರಿಗೆ ಹಿಡಿತ ಕೊಡುವುದಿಲ್ಲ. ಬೇಗ ಹೊರಟವರು ಗುಂಡಮಗೆರೆ ಕೆರೆಯ ಕಡೆಗೂ ಒಂದು ಸುತ್ತು ಹಾಕಬಹುದು. ಚಳಿಗಾಲದಲ್ಲಿ ಅಲ್ಲಿ ಹಕ್ಕಿಗಳು ಚೆನ್ನಾಗಿ ಸಿಗುತ್ತವೆ. ನಾವು ಅರ್ಧ ಗಂಟೆ ಕೂತೆವು. ಅದಕ್ಕೇ ಆಮೇಲೆ ಬಿಸಿಲು ಸಿಕ್ಕಿತು.

ಇನ್ನು ಸೈಕಲ್ ವಿಷಯ. ಗ್ರಾವೆಲ್ ಬೈಕ್ ಅಂದರೆ ರೋಡ್ ಬೈಕಿನ ಹಾಗೇ ಬಾಗಿದ ಹ್ಯಾಂಡಲ್, ಆದರೆ ದಪ್ಪ ಟೈರು, ಹಗುರ ಗೇರು. ನನ್ನದು 40 ಮಿಲಿಮೀಟರ್ ಅಗಲದ ಟ್ಯೂಬ್‌ಲೆಸ್ ಟೈರು. ಭಾಮೈದನದು ನೇರ ಹ್ಯಾಂಡಲ್‌ನ ಸಾಮಾನ್ಯ ಹೈಬ್ರಿಡ್ ಸೈಕಲ್, 35ರ ಟ್ಯೂಬ್ ಟೈರು. ಹೈಬ್ರಿಡ್‌ನಲ್ಲಿ ಆಗುವುದಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಅವನು ಮಾಡಿದ. ಎಂಟಿಬಿ, ಅಂದರೆ ಮೌಂಟನ್ ಬೈಕ್ ಇದ್ದರೆ ಇನ್ನೂ ಆರಾಮ, ಸ್ವಲ್ಪ ನಿಧಾನ ಅಷ್ಟೇ. ಹೊಸದು ಕೊಳ್ಳುವ ಮೊದಲು ಒಂದು ಸಲ ಇರುವ ಸೈಕಲ್‌ನಲ್ಲೇ ಹೋಗಿ ಬನ್ನಿ. ಬೇಕಾದದ್ದು ಗಾಳಿಯ ಲೆಕ್ಕ. ನನ್ನ ತೂಕ 72 ಕಿಲೋ. ಮೊದಲು ಟೈರಿನ ಗಾಳಿಯ ಒತ್ತಡ 50 ಪಿಎಸ್‌ಐ ಇಟ್ಟುಕೊಂಡು ಹೋಗಿದ್ದೆ, ಹಲ್ಲು ಕಟಕಟ ಅನ್ನುತ್ತಿತ್ತು. 35ಕ್ಕೆ ಇಳಿಸಿದ ಮೇಲೆ ಗರಸಿನ ಮೇಲೆ ಸೈಕಲ್ ಜಾರುವುದು ನಿಂತಿತು. ಟ್ಯೂಬ್ ಇದ್ದವರು ತೀರಾ ಇಳಿಸಬೇಡಿ, ಕಲ್ಲಿಗೆ ರಿಮ್ ತಾಗಿ ಟ್ಯೂಬ್ ಎರಡು ಕಡೆ ಸೀಳುತ್ತದೆ. ಗೇರು ಒಂದಕ್ಕೊಂದು ಇರಲಿ, ಅಂದರೆ ಮುಂದಿನ ಚಿಕ್ಕ ಹಲ್ಲುಚಕ್ರದಷ್ಟೇ ಹಲ್ಲು ಹಿಂದಿನ ದೊಡ್ಡ ಹಲ್ಲುಚಕ್ರದಲ್ಲಿ. ಉಬ್ಬು ಚಿಕ್ಕವಾದರೂ ಕಡಿದಾಗಿವೆ, ಎದ್ದು ನಿಂತು ತುಳಿದರೆ ಹಿಂದಿನ ಚಕ್ರ ಸುಮ್ಮನೆ ತಿರುಗುತ್ತದೆ. ಕೂತೇ ತುಳಿಯಬೇಕು.

ಪಂಕ್ಚರ್ ಮೂರಾಯಿತು. ಕಾರಣ ಜಾಲಿ ಮುಳ್ಳು. ದಾರಿಯ ಅಂಚಿನಲ್ಲಿ ಬೇಲಿಗೆ ಕಡಿದು ಹಾಕಿರುತ್ತಾರೆ, ಒಣಗಿದ್ದು ಮಣ್ಣಿನ ಬಣ್ಣದಲ್ಲೇ ಇರುತ್ತದೆ. ಹಾಗಾಗಿ ಅಂಚು ಬಿಟ್ಟು ಟ್ರಾಕ್ಟರ್ ಚಕ್ರದ ಜಾಡಿನಲ್ಲೇ ಹೋಗಿ. ನಾಚಿಕೆಯ ವಿಷಯ ಅಂದರೆ ಮೂರರಲ್ಲಿ ಎರಡು ನನ್ನ ಟ್ಯೂಬ್‌ಲೆಸ್‌ಗೇ ಆದದ್ದು. ತೂತು ತಾನೇ ಮುಚ್ಚಿಕೊಳ್ಳಲಿ ಅಂತ ಟೈರಿನೊಳಗೆ ಹಾಕುವ ದ್ರವ ಸೀಲಂಟ್ ಹಾಕಿಸಿ ಆರು ತಿಂಗಳಾಗಿತ್ತು, ಒಳಗೆ ಒಣಗಿ ರಬ್ಬರ್ ತೊಗಟೆ ಆಗಿತ್ತು. ನಮ್ಮ ಸೆಖೆಗೆ ಮೂರು ತಿಂಗಳಿಗೊಮ್ಮೆ ನೋಡಿಕೊಳ್ಳಿ. ಟ್ಯೂಬ್‌ಲೆಸ್ ಇದ್ದರೂ ಒಂದು ಟ್ಯೂಬ್, ಪಂಪು, ಮುಳ್ಳು ಕೀಳಲು ಸಣ್ಣ ಚಿಮಟ ಇರಲಿ. ಇಂಥ ಸೈಕಲ್‌ಗಳಲ್ಲಿ ಇರುವ ಸಣ್ಣ ಮೂತಿಯ ಪ್ರೆಸ್ಟಾ ವಾಲ್ವಿಗೆ ಹಳ್ಳಿಯ ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹಾಕಲು ಬರುವುದಿಲ್ಲ. ಐವತ್ತು ರೂಪಾಯಿಯ ಅಡಾಪ್ಟರ್ ಒಂದನ್ನು ವಾಲ್ವಿಗೇ ತಿರುಗಿಸಿ ಇಟ್ಟುಕೊಳ್ಳಿ.

ಜನವರಿಯಲ್ಲಿ ಇನ್ನೊಂದು ತಮಾಷೆ ಇದೆ. ಊರ ಹತ್ತಿರದ ಟಾರು ರಸ್ತೆಯೇ ಕಣ. ಹುರುಳಿ, ರಾಗಿಯನ್ನು ರಸ್ತೆಗೆ ಹರಡಿರುತ್ತಾರೆ, ಓಡಾಡುವ ಗಾಡಿಗಳೇ ಒಕ್ಕಣೆ ಮಾಡುತ್ತವೆ. ಭಾಮೈದ ಖುಷಿಯಿಂದ ಹುರುಳಿಯ ಮೇಲೆ ನುಗ್ಗಿದ. ಹತ್ತು ಮೀಟರ್ ಹೋಗುವಷ್ಟರಲ್ಲಿ ಬಳ್ಳಿ ಹಿಂದಿನ ಗೇರಿಗೆ ಸುತ್ತಿಕೊಂಡು, ಚೈನನ್ನು ಗೇರಿನಿಂದ ಗೇರಿಗೆ ದಾಟಿಸುವ ಡಿರೇಲರನ್ನು ಚಕ್ರದ ಕಡ್ಡಿಗಳ ಕಡೆಗೆ ಎಳೆದುಕೊಂಡಿತು. ಇನ್ನೊಂದು ತುಳಿತ ತುಳಿದಿದ್ದರೆ ಅದು ನೇತಾಡುವ ಹ್ಯಾಂಗರ್ ಮುರಿಯುತ್ತಿತ್ತು. ಹುರುಳಿ ಹರಡಿದ್ದ ಅಕ್ಕ ಕುಡುಗೋಲು ತಂದು ಬಳ್ಳಿ ಕೊಯ್ದು ಬಿಡಿಸಿದರು. ಆಮೇಲೆ ಸೈಕಲ್ ಎಷ್ಟಾಯಿತು ಅಂತ ಕೇಳಿದರು. ಅವನು ನಿಜ ಹೇಳಿಬಿಟ್ಟ. "ಒಂದು ಸೀಮೆ ಹಸ ಬತ್ತಿತ್ತಲ್ಲಪ್ಪ, ಅದ್ಕಾದ್ರೆ ಹುಳ್ಳಿ ಸೊಪ್ಪು ತಿನ್ನಕ್ಕೆ ಬತ್ತದೆ" ಅಂದರು. ಅಲ್ವಾ?

ನಾಯಿಗಳಿಗೆ ಹೆದರಿ ಜೋರಾಗಿ ತುಳಿಯಬೇಡಿ, ಗರಸಿನಲ್ಲಿ ಬೀಳುತ್ತೀರಿ. ತೋಟದ ಮನೆಯ ನಾಯಿ ಬಂದರೆ ಇಳಿದು, ಸೈಕಲನ್ನು ನಡುವೆ ಇಟ್ಟುಕೊಂಡು, "ಹಚಾ" ಅಂದು ನಿಧಾನಕ್ಕೆ ನಡೆಯಿರಿ. ನೀರು ತಲೆಗೆ ಎರಡೂವರೆ ಲೀಟರ್ ಬೇಕು. ಪೆಟ್ಟಿಗೆ ಅಂಗಡಿಯಲ್ಲಿ ಕಡಲೆ ಮಿಠಾಯಿ, ಮಜ್ಜಿಗೆ ಪ್ಯಾಕೆಟ್ ಸಿಗುತ್ತವೆ, ಫೋನ್‌ನಲ್ಲೇ ದುಡ್ಡು ಕೊಡಬಹುದು. ಸಿಗ್ನಲ್ ಕೈಕೊಡುವ ಜಾಗಗಳಿವೆ, ಒಂದಿಷ್ಟು ಚಿಲ್ಲರೆ ಇಟ್ಟುಕೊಳ್ಳಿ. ತಿಂಡಿ ನಾವು ಒಂಬತ್ತಕ್ಕೆ ಘಾಟಿಗೆ ವಾಪಸ್ ಬಂದು ತಿಂದೆವು, ಇಡ್ಲಿ ಮತ್ತು ಚಿತ್ರಾನ್ನ. ಹಾಗೇ ದೇವಸ್ಥಾನಕ್ಕೂ ಹೋದೆವು. ಒಂದೇ ಕಲ್ಲಿನಲ್ಲಿ ಪೂರ್ವಕ್ಕೆ ಸುಬ್ರಹ್ಮಣ್ಯ, ಪಶ್ಚಿಮಕ್ಕೆ ನರಸಿಂಹ. ಹಿಂದಿನ ದೇವರು ಕಾಣಲಿ ಅಂತ ಕನ್ನಡಿ ಇಟ್ಟಿದ್ದಾರೆ. ಸೈಕ್ಲಿಂಗ್ ಚಡ್ಡಿಯ ಮೇಲೆ ಸುತ್ತಿಕೊಳ್ಳಲು ಒಂದು ಪಂಚೆ ಒಯ್ಯಿರಿ, ನಾನು ಒಯ್ದಿದ್ದೆ.

ತಿಂಡಿಯ ನಂತರ ಪೂರ್ವಕ್ಕೆ, ನಂದಿ ಬೆಟ್ಟವನ್ನು ಎದುರಿಗೆ ಇಟ್ಟುಕೊಂಡು ಹೋಗುವ ದಾರಿ. ಇದು ಮೊದಲರ್ಧದಷ್ಟು ಚೆನ್ನಾಗಿಲ್ಲ, ಟಾರು ಜಾಸ್ತಿ, ನೆರಳು ಕಮ್ಮಿ. ಸಮಯ ಕಡಿಮೆ ಇದ್ದರೆ ಇದನ್ನು ಬಿಟ್ಟು ಪಶ್ಚಿಮದ ಕೆರೆಗಳ ಕಡೆಯೇ ಇನ್ನೊಂದು ಸುತ್ತು ಹಾಕಿ. ಒಟ್ಟು ಹತ್ತಿದ್ದು ಸುಮಾರು 600 ಮೀಟರ್. ಹನ್ನೊಂದೂವರೆಗೆ ಕಾರಿನ ಹತ್ತಿರ ಇದ್ದೆವು.

ಹೋಗಲು ನವೆಂಬರ್ ಕೊನೆಯಿಂದ ಫೆಬ್ರುವರಿ ಒಳ್ಳೆಯದು. ಸೆಪ್ಟೆಂಬರ್, ಅಕ್ಟೋಬರ್ ಮಳೆಯಲ್ಲಿ ಮಣ್ಣು ಟೈರಿಗೂ ಫೋರ್ಕಿಗೂ ನಡುವೆ ಮೆತ್ತಿ ಚಕ್ರವೇ ತಿರುಗುವುದಿಲ್ಲ, ರೈಲ್ವೆ ಕೆಳಸೇತುವೆಗಳಲ್ಲಿ ನೀರು ನಿಲ್ಲುತ್ತದೆ. ಬೇಸಿಗೆಯಲ್ಲಿ ಹೋಗುವುದಾದರೆ ಒಂಬತ್ತಕ್ಕೆಲ್ಲ ಮುಗಿಸಿ. ಮನೆಗೆ ಬಂದ ಮೇಲೆ ಸರ್ವಿಸ್ ಸ್ಟೇಷನ್ನಿನ ಜೋರು ನೀರು ಹೊಡೆಸಬೇಡಿ, ಬೇರಿಂಗ್‌ನೊಳಗೆ ನೀರು ಹೋಗುತ್ತದೆ. ಬಕೆಟ್ಟು, ಹಳೇ ಬ್ರಷ್ಷು ಸಾಕು. ಭಾಮೈದನ ಗೇರಿನ ಸಂದಿಯಿಂದ ಮರುದಿನವೂ ಹುರುಳಿ ಕಾಳು ಉದುರಿತಂತೆ.