ಪ್ಲೇಟ್‌ಲೆಟ್ ಕಡಿಮೆ ಅಂದರೆಲ್ಲ ಡೆಂಗ್ಯೂ ಅಲ್ಲ

ಬೆಂಗಳೂರಲ್ಲಿ ಮಳೆ ಶುರುವಾದರೆ ನಮ್ಮ ಹೆಮಟಾಲಜಿ ಲ್ಯಾಬಿಗೆ ಪ್ಲೇಟ್‌ಲೆಟ್ ಬಿದ್ದ ಸ್ಯಾಂಪಲ್‌ಗಳದ್ದೇ ಸಾಲು. ಚೀಟಿಯಲ್ಲಿ 'ಡೆಂಗ್ಯೂ?' ಅಂತ ಬರೆದಿರುತ್ತದೆ. ಬಹುಪಾಲು ಅದು ಡೆಂಗ್ಯೂನೇ. ಮನೆಯವರು ಅಷ್ಟೊತ್ತಿಗೆ ಪಪ್ಪಾಯಿ ಎಲೆ ರಸವನ್ನೂ ಕುಡಿಸಿ ಮುಗಿಸಿರುತ್ತಾರೆ. ಆದರೆ ಈ ರಾಶಿಯೊಳಗೆ ಅಪರೂಪಕ್ಕೆ ಒಂದು ಎಪಿಎಲ್ ಸೇರಿಕೊಂಡಿರುತ್ತದೆ. ಅಕ್ಯೂಟ್ ಪ್ರೊಮೈಲೋಸೈಟಿಕ್ ಲ್ಯುಕೇಮಿಯಾ, ಅಂದರೆ ಒಂದು ಬಗೆಯ ರಕ್ತದ ಕ್ಯಾನ್ಸರ್. ಒಸಡಲ್ಲಿ ರಕ್ತ, ಮೈಮೇಲೆ ನೀಲಿ ಕಲೆ, ಪ್ಲೇಟ್‌ಲೆಟ್ ಕಡಿಮೆ, ಎಷ್ಟೋ ಸಲ ಬಿಳಿ ರಕ್ತಕಣವೂ ಕಡಿಮೆ. ಡೆಂಗ್ಯೂನಲ್ಲೂ ಹೀಗೇ ಆಗಬಹುದು, ಅಲ್ವಾ? ರಕ್ತಕಣ ಎಣಿಸುವ ಮಷೀನು ನಂಬರ್ ಕೊಟ್ಟು ಸುಮ್ನಾಗುತ್ತದೆ.

ನನ್ನ ಸಂಶೋಧನೆ ಈ ಕಾಯಿಲೆಯ ಮೇಲೇ. ಜೊತೆಗೆ ಸ್ಲೈಡ್ ನೋಡುವ ಡ್ಯೂಟಿಯೂ ಇದೆ. ಎರಡೂ ಕೆಲಸಕ್ಕೆ ಬೇರೆ ಬೇರೆ ಬುದ್ಧಿ ಬೇಕು. ಸಂಶೋಧನೆಯಲ್ಲಿ ಪುರಾವೆ ಕೈಗೆ ಸಿಗುವ ತನಕ ಬಾಯಿ ಬಿಡಬಾರದು. ಎಪಿಎಲ್ ಸ್ಲೈಡ್ ಮುಂದೆ ಕೂತಾಗ ಅನುಮಾನ ಬಂದ ಕೂಡಲೇ ಬಾಯಿ ಬಿಡಬೇಕು.

ಯಾಕೆ ಅಂದರೆ, ಈ ಕಾಯಿಲೆ ಮೊದಲ ಕೆಲವು ದಿನಗಳಲ್ಲೇ ರಕ್ತಸ್ರಾವದಿಂದ ಕೊಲ್ಲುತ್ತದೆ. ಈ ಕ್ಯಾನ್ಸರ್ ಕೋಶಗಳು ರಕ್ತ ಹೆಪ್ಪುಗಟ್ಟಿಸುವ ವ್ಯವಸ್ಥೆಯನ್ನೇ ಕೆಡಿಸುತ್ತವೆ. ಹೆಪ್ಪುಗಟ್ಟಲು ಬೇಕಾದ ಫೈಬ್ರಿನೋಜನ್ ಎಂಬ ಪ್ರೊಟೀನ್ ಖಾಲಿಯಾಗುತ್ತದೆ, ಮೆದುಳಲ್ಲಿ ರಕ್ತ ಸೋರಬಹುದು. ಆದರೆ ಆ ದಿನಗಳನ್ನು ದಾಟಿಸಿದರೆ, ಚೆನ್ನಾಗಿ ವಾಸಿಯಾಗುವ ರಕ್ತದ ಕ್ಯಾನ್ಸರ್‌ಗಳಲ್ಲಿ ಇದೂ ಒಂದು.

ಹಾಗಾಗಿದ್ದು ಶಾಂಘೈನ ಡಾಕ್ಟರ್ ವಾಂಗ್ ಝೆನ್‌ಯಿ ಅವರಿಂದ. ಅವರು ಹಿಮೋಫಿಲಿಯಾ, ರಕ್ತ ಹೆಪ್ಪುಗಟ್ಟುವಿಕೆ ಇವುಗಳ ಮೇಲೆ ಕೆಲಸ ಮಾಡಿದ್ದವರು. ಕ್ಯಾನ್ಸರ್ ಕೋಶವನ್ನು ಕೊಲ್ಲುವುದು ಬಿಟ್ಟು, ಅದು ಬಲಿತು ಮಾಮೂಲಿ ಕೋಶ ಆಗುವಂತೆ ಮಾಡಿದರೆ ಹೇಗೆ ಅಂತ ಯೋಚಿಸಿದರು. ಬೇರೆ ದೇಶಗಳಲ್ಲಿ ಪ್ರಯೋಗದಲ್ಲಿದ್ದ 13-ಸಿಸ್ ರೆಟಿನೋಯಿಕ್ ಆಸಿಡ್ (ವಿಟಮಿನ್ ಎ ಬಗೆಯ ಔಷಧಿ) ಅವರಿಗೆ ಸಿಗಲಿಲ್ಲ. ಚರ್ಮದ ಕಾಯಿಲೆಗೆ ಅಂತ ಚೀನಾದಲ್ಲೇ ತಯಾರಾಗುತ್ತಿದ್ದ ಆಲ್-ಟ್ರಾನ್ಸ್ ರೂಪ, ಅಂದರೆ ಎಟ್ರಾ, ಸಿಕ್ಕಿತು. ನೋಡಿ, ಕೆಲಸಕ್ಕೆ ಬಂದದ್ದು ಅದೇ! 1985ರಲ್ಲಿ 5 ವರ್ಷದ ಹುಡುಗಿಯೊಬ್ಬಳಿಗೆ ಕೊಟ್ಟರು. 1988ರಲ್ಲಿ ಪ್ರಕಟಿಸಿದ ವರದಿಯಲ್ಲಿ 24 ಜನರ ಪೈಕಿ 23 ಮಂದಿಗೆ ಎಟ್ರಾ ಒಂದರಿಂದಲೇ ಕಾಯಿಲೆ ಹತೋಟಿಗೆ ಬಂದಿತ್ತು. ಆಮೇಲೆ ಚೀನಾದ್ದೇ ಆದ ಹಾರ್ಬಿನ್‌ನಿಂದ ಇನ್ನೊಂದು ಔಷಧಿ, ಆರ್ಸೆನಿಕ್, ಬಂತು. ನಮ್ಮ ಪಕ್ಕದ ವೆಲ್ಲೂರಿನ ಸಿಎಂಸಿಯವರು ಬರೀ ಆರ್ಸೆನಿಕ್‌ನಿಂದಲೇ ಈ ರೋಗಿಗಳನ್ನು ಗುಣಪಡಿಸಬಹುದು ಅಂತ ತೋರಿಸಿದರು.

ಇಷ್ಟೆಲ್ಲ ಇದ್ದರೂ, ಔಷಧಿ ಬೀರುವಿನಲ್ಲಿದ್ದಾಗ ರೋಗಿ ವಾರ್ಡಿನಲ್ಲಿ ತೀರಿಹೋಗಬಹುದು.

ಒಂದು ಸಂಜೆ ನಮ್ಮ ಟೆಕ್ನಿಷಿಯನ್ ಹುಡುಗಿ ಕರೆದಳು. "ಮೇಡಂ, ಇದೊಂದ್ಸಲ ನೋಡಿ. ಡೆಂಗ್ಯೂ ಅಂತ ಬಂದಿದೆ, ಯಾಕೋ ಸರಿ ಕಾಣ್ತಿಲ್ಲ." ಬಿಳಿ ಕಣಗಳೇ ವಿರಳ. ಸ್ಮಿಯರ್‌ನ, ಅಂದರೆ ಸ್ಲೈಡ್ ಮೇಲೆ ತೆಳ್ಳಗೆ ಸವರಿದ ರಕ್ತದ, ತುದಿ ಕಡೆ ಹುಡುಕುತ್ತಾ ಹೋದೆ. ಅಲ್ಲಿ ಒಂದು ಕೋಶ, ಒಳಗೆಲ್ಲ ಒತ್ತೊತ್ತಾದ ಕೆಂಪು ಹರಳು, ಸೌದೆ ಹೊರೆ ಕಟ್ಟಿಟ್ಟ ಹಾಗೆ ಆಯರ್ ಕಡ್ಡಿಗಳು. ಎಪಿಎಲ್ ಅನುಮಾನ ಹುಟ್ಟಿಸುವ ಗುರುತು ಇದು. ಪಕ್ಕದಲ್ಲಿ ಇನ್ನೊಂದು. ವಾರ್ಡಿಗೆ ಫೋನ್ ಮಾಡಿದೆ.

"ಮೇಡಂ, ಜೀನ್ ರಿಪೋರ್ಟ್ ಬರಲಿ, ನಾಳೆ ನೋಡೋಣ್ವಾ?" ಅಂದರು ಡ್ಯೂಟಿ ಡಾಕ್ಟರು.

"ಬೇಡ ಡಾಕ್ಟ್ರೇ. ಎಟ್ರಾ ಈಗಲೇ ಶುರು ಮಾಡಿ. ಫೈಬ್ರಿನೋಜನ್ ಟೆಸ್ಟಿಗೆ ಕಳಿಸಿ, ಪ್ಲೇಟ್‌ಲೆಟ್ ಕೊಡೋಕೆ ಬ್ಲಡ್ ಬ್ಯಾಂಕಿಗೆ ಹೇಳಿ. ಅಲ್ಲ ಅಂತ ರಿಪೋರ್ಟ್ ಬಂದರೆ ನಾಳೆ ನಿಲ್ಲಿಸಿದರಾಯಿತು."

ಇದು ನನ್ನ ಧೈರ್ಯ ಅಲ್ಲ, ಇರುವ ನಿಯಮವೇ ಹಾಗೆ. 15 ಮತ್ತು 17ನೇ ಕ್ರೋಮೋಸೋಮ್‌ಗಳ ತುಂಡು ಅದಲುಬದಲಾಗಿ ಹುಟ್ಟುವ ಪಿಎಂಎಲ್-ರಾರಾ ಎಂಬ ಬೆಸೆದ ಜೀನ್ ಸಿಕ್ಕರೇ ಕಾಯಿಲೆ ಖಚಿತ. ಆದರೆ ಚಿಕಿತ್ಸೆ ಅದಕ್ಕಾಗಿ ಕಾಯುವುದಿಲ್ಲ. ತಪ್ಪು ಅನುಮಾನಕ್ಕೆ ನಾಲ್ಕು ಕ್ಯಾಪ್ಸೂಲ್ ನುಂಗಿದರೆ ದೊಡ್ಡ ನಷ್ಟವೇನಿಲ್ಲ. ರೋಗಿಯ ಅಪ್ಪ ಮಾತ್ರ ಕೇಳಿದರು, "ರಿಪೋರ್ಟ್ ಬರದೇ ಹೆಂಗೆ ಮಾತ್ರೆ ಕೊಡ್ತೀರಿ ಮೇಡಂ?" ನ್ಯಾಯವಾದ ಪ್ರಶ್ನೆ. ಕೂರಿಸಿಕೊಂಡು ಹೇಳಿದೆ. ಜೀನ್ ರಿಪೋರ್ಟ್ ಆಮೇಲೆ ಎಪಿಎಲ್ ಅಂತಲೇ ಬಂತು.

ಹೊಸದಾಗಿ ಸೇರುವವರಿಗೆ ನಾನು ಮೊದಲು ಕಲಿಸುವುದು ಜೀನೂ ಅಲ್ಲ, ಪೇಪರ್ ಬರೆಯುವುದೂ ಅಲ್ಲ. ಸ್ಲೈಡಲ್ಲಿ ಇಂಥದ್ದು ಕಂಡರೆ ಕಂಪ್ಯೂಟರಿಗೆ ರಿಪೋರ್ಟ್ ಹಾಕುವ ಮುಂಚೆ ಫೋನ್ ಎತ್ತಿ. ಯಾರು ಮಾತಾಡಿದರು, ಎಷ್ಟು ಗಂಟೆಗೆ ಅಂತ ರಿಜಿಸ್ಟರಲ್ಲಿ ಬರೆಯಿರಿ. ಇನ್ನೊಂದು ಕೆಲಸ ಯಾವ ಪುಸ್ತಕದಲ್ಲೂ ಇಲ್ಲ: ಶನಿವಾರ ಮನೆಗೆ ಹೋಗುವ ಮುಂಚೆ ಫಾರ್ಮಸಿಯಲ್ಲಿ ಎಟ್ರಾ ಸ್ಟಾಕ್ ಇದೆಯಾ ಅಂತ ಕೇಳಿ. ಭಾನುವಾರ ರಾತ್ರಿ ಅದನ್ನು ಹುಡುಕಿಕೊಂಡು ಊರೆಲ್ಲ ಅಲೆಯುವ ಪಾಡು ರೋಗಿಯ ಕಡೆಯವರಿಗೆ ಬರಬಾರದು.