ಹೊಟ್ಟೆಯಲ್ಲಿ ಅಷ್ಟೊಂದು ವೈರಸ್ ಇದ್ದರೂ ನಮಗೆ ಯಾಕೆ ಏನೂ ಆಗಲ್ಲ?

ಸೂಕ್ಷ್ಮಜೀವಿಗಳ ಬಗ್ಗೆ ನಾನು ಮಾತು ಶುರು ಮಾಡಿದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ಆರೋಗ್ಯವಾಗಿರುವವರ ಕರುಳಿನಲ್ಲೂ ಕೋಟಿಗಟ್ಟಲೆ ವೈರಸ್‌ಗಳಿವೆ ಅಂದ ಕೂಡಲೇ ಕೇಳುತ್ತಿದ್ದವರಿಗೆ ದಿಗಿಲಾಗುತ್ತದೆ. ವೈರಸ್ ಅಂದರೆ ಕಾಯಿಲೆ ಅಂತಲೇ ಅಲ್ವಾ ನಾವೆಲ್ಲ ಕಲಿತದ್ದು.

ಚಿಕ್ಕ ಉತ್ತರ ಹೀಗಿದೆ. ಅವುಗಳಲ್ಲಿ ಹೆಚ್ಚಿನವು ಫೇಜ್‌ಗಳು. ಅಂದರೆ ಬ್ಯಾಕ್ಟೀರಿಯಾಗಳಿಗೆ ತಗಲುವ ವೈರಸ್‌ಗಳು. ಫೇಜ್ ತನ್ನ ಡಿಎನ್‌ಎಯನ್ನು ಒಳಗೆ ತೂರಿಸಬೇಕಾದರೆ ಬ್ಯಾಕ್ಟೀರಿಯಾದ ಹೊರಮೈಯಲ್ಲಿ ತನಗೆ ಹೊಂದುವ ಗುರುತು ಸಿಗಬೇಕು. ಎಷ್ಟೋ ಫೇಜ್‌ಗಳಿಗೆ ಪಕ್ಕದ ಜಾತಿಯ ಬ್ಯಾಕ್ಟೀರಿಯಾ ಕೂಡ ಆಗಿಬರುವುದಿಲ್ಲ. ನಮ್ಮ ಜೀವಕೋಶಗಳಲ್ಲಂತೂ ಅವು ಬೆಳೆಯಲಾರವು. 1917ರಲ್ಲಿ ಪ್ಯಾರಿಸ್‌ನಲ್ಲಿ ಫೆಲಿಕ್ಸ್ ಡೆರೆಲ್ ಇವುಗಳಿಗೆ ಬ್ಯಾಕ್ಟೀರಿಯೊಫೇಜ್ ಎಂದು ಹೆಸರಿಟ್ಟರು. ಅವರಿಗೆ ಇವು ಸಿಕ್ಕಿದ್ದೂ ಆಮಶಂಕೆಯಾದವರ ಮಲದಲ್ಲೇ.

ಆದರೆ ನನಗೆ ಇಷ್ಟಕ್ಕೇ ನಿಲ್ಲಿಸಲು ಮನಸ್ಸಾಗುವುದಿಲ್ಲ. ಫೇಜ್‌ಗಳು ಕರುಳಿನಲ್ಲಿ ಸುಮ್ನೆ ತೇಲಿಕೊಂಡಿಲ್ಲ. ಅವುಗಳಿಗೆ ಅಲ್ಲೊಂದು ನೆಲೆ ಇದೆ, ಅದು ಲೋಳೆ.

ಲೋಳೆ ಅಂದರೆ ಹೇಸಿಗೆ ಅಂತ ಮುಖ ಸಿಂಡರಿಸುತ್ತೇವೆ. ಆದರೆ ಅದಿಲ್ಲದಿದ್ದರೆ ಕರುಳು ಉಳಿಯುವುದಿಲ್ಲ. ದೊಡ್ಡ ಕರುಳಿನಲ್ಲಿ ಅದು ಎರಡು ಪದರವಾಗಿದೆ. ಗೋಡೆಗೆ ಅಂಟಿದ ಒಳಪದರ ಎಷ್ಟು ಒತ್ತಾಗಿದೆಯೆಂದರೆ ಬ್ಯಾಕ್ಟೀರಿಯಾ ಅದರೊಳಗೆ ನುಗ್ಗುವುದು ತೀರಾ ಕಷ್ಟ. ಹೊರಪದರ ಸಡಿಲ. ಬ್ಯಾಕ್ಟೀರಿಯಾಗಳು ಅಲ್ಲಿ ಬೀಡುಬಿಡುತ್ತವೆ. ಲೋಳೆಯ ಮುಖ್ಯ ಪ್ರೋಟೀನಾದ ಮ್ಯೂಸಿನ್‌ಗೆ ಮೈತುಂಬ ಸಕ್ಕರೆಯ ಎಳೆಗಳಿವೆ. ಕೆಲವು ಬ್ಯಾಕ್ಟೀರಿಯಾಗಳಿಗೆ ಅದೇ ಊಟ.

ಆ ಸಕ್ಕರೆಯ ಎಳೆಗಳನ್ನು ಫೇಜ್ ಕೂಡ ಹಿಡಿದುಕೊಳ್ಳುತ್ತದೆ! 2013ರಲ್ಲಿ ಜೆರೆಮಿ ಬಾರ್, ಫಾರೆಸ್ಟ್ ರೋವರ್ ಮತ್ತು ಜೊತೆಯವರು ಹವಳದಿಂದ ಹಿಡಿದು ಮನುಷ್ಯರವರೆಗೆ ಹಲವು ಜೀವಿಗಳ ಲೋಳೆಯನ್ನು ನೋಡಿದರು. ಒಂದು ಬ್ಯಾಕ್ಟೀರಿಯಾಕ್ಕೆ ಎಷ್ಟು ಫೇಜ್ ಎಂದು ಲೆಕ್ಕ ಹಾಕಿದಾಗ, ಸುತ್ತಲಿನ ಜಾಗಕ್ಕಿಂತ ಲೋಳೆಯಲ್ಲಿ ಅದು ಸರಾಸರಿ 4.4 ಪಟ್ಟು ಜಾಸ್ತಿ ಇತ್ತು. ಟಿ4 ಎಂಬ ಫೇಜ್‌ನ ತಲೆಯ ಮೇಲೆ ಹಾಕ್ ಎಂಬ ಪ್ರೋಟೀನಿನ 155 ಪ್ರತಿಗಳಿವೆ. ಅಂಟಿಕೊಳ್ಳುವ ಕೆಲಸ ಅದರದ್ದು. ಹಾಕ್ ಇಲ್ಲದ ಟಿ4 ಲೋಳೆಗೆ ಅಷ್ಟಾಗಿ ಅಂಟಲಿಲ್ಲ.

ಈ ಅಂಟಿನಿಂದ ಫೇಜ್‌ಗೇನು ಲಾಭ? ಅದಕ್ಕೆ ಈಜಲು ಬರುವುದಿಲ್ಲ. ದ್ರವ ದೂಡಿದ ಕಡೆ ಹೋಗುತ್ತದೆ, ಅಷ್ಟೇ. ಆದರೆ ಲೋಳೆಯಲ್ಲಿ ಒಂದು ಎಳೆ ಹಿಡಿದು, ಬಿಟ್ಟು, ಪಕ್ಕದ್ದನ್ನು ಹಿಡಿಯುತ್ತಾ ನಿಧಾನವಾಗಿ ಅಲ್ಲೇ ಸುಳಿದಾಡುತ್ತದೆ. ಬ್ಯಾಕ್ಟೀರಿಯಾ ಬರುವುದೂ ಅಲ್ಲಿಗೇ. ಹಾಗಾಗಿ ಅದು ಎದುರಾಗುವ ಅವಕಾಶ ಹೆಚ್ಚುತ್ತದೆ. ನಮಗೂ ಲಾಭವಿದೆ. ಪ್ರಯೋಗಾಲಯದಲ್ಲಿ ಲೋಳೆ ಸುರಿಸುವ ಜೀವಕೋಶಗಳ ಮೇಲೆ ಮೊದಲೇ ಟಿ4 ಹಾಕಿ, ಆಮೇಲೆ ಅದಕ್ಕೆ ತುತ್ತಾಗುವ ಇ. ಕೋಲೈ ಎಂಬ ಬ್ಯಾಕ್ಟೀರಿಯಾವನ್ನು ಬಿಟ್ಟಾಗ ಜೀವಕೋಶಗಳ ಸಾವು ಕಡಿಮೆಯಾಯಿತು. ಲೋಳೆ ನಮ್ಮದು, ಕಾವಲು ಫೇಜ್‌ನದು. ನನಗಂತೂ ಇದು ಎಷ್ಟು ಸಲ ಹೇಳಿದರೂ ಸಾಲದು.

ಹಾಗಾದರೆ ಫೇಜ್ ನಮ್ಮ ಸ್ನೇಹಿತ ತಾನೆ ಅಂತ ಮುಂದಿನ ಪ್ರಶ್ನೆ ಬರುತ್ತದೆ. ಇಲ್ಲಿ ನಾನು ಸ್ವಲ್ಪ ತಡೆಯುತ್ತೇನೆ. ಎಲ್ಲ ಫೇಜ್‌ಗಳೂ ಬ್ಯಾಕ್ಟೀರಿಯಾವನ್ನು ಕೂಡಲೇ ಒಡೆದು ಹೊರಬರುವುದಿಲ್ಲ. ಕೆಲವು ತಮ್ಮ ಡಿಎನ್‌ಎಯನ್ನು ಅದರ ಡಿಎನ್‌ಎಗೇ ಸೇರಿಸಿ ತಲೆಮಾರುಗಟ್ಟಲೆ ಸುಮ್ಮನಿರುತ್ತವೆ. ಹಾಗೆ ಸೇರುವಾಗ ಹೊಸ ಜೀನ್‌ಗಳೂ ಬರಬಹುದು. ಕಾಲರಾದ ವಿಷ ತಯಾರಿಸುವ ಜೀನ್ ಅದರ ಬ್ಯಾಕ್ಟೀರಿಯಾಕ್ಕೆ ಬಂದಿದ್ದು ಒಂದು ಫೇಜ್‌ನಿಂದ ಎಂದು 1996ರಲ್ಲಿ ಗೊತ್ತಾಯಿತು. ನಮಗೆ ತಾವಾಗಿ ಸೋಂಕು ತರದ ವೈರಸ್‌ಗಳೂ ಹೀಗೆ ಪರೋಕ್ಷವಾಗಿ ಕೇಡು ಮಾಡಬಲ್ಲವು.

ಮತ್ತೆ ಕೆಲವದು ಬೇರೆಯೇ ದಾರಿ. 2014ರಲ್ಲಿ ಮನುಷ್ಯರ ಮಲದ ಡಿಎನ್‌ಎ ತುಣುಕುಗಳನ್ನು ಕಂಪ್ಯೂಟರ್‌ನಲ್ಲಿ ಜೋಡಿಸುವಾಗ ಅದುವರೆಗೆ ಯಾರೂ ಗುರುತಿಸದಿದ್ದ ಒಂದು ಫೇಜ್ ಸಿಕ್ಕಿತು. ಕ್ರಾಸ್‌ಫೇಜ್ ಎಂದು ಹೆಸರಾಯಿತು. ಅಷ್ಟೊಂದು ಜನರ ಕರುಳಿನಲ್ಲಿದ್ದರೂ ಅದು ಕಣ್ಣಿಗೆ ಬಿದ್ದಿರಲಿಲ್ಲ. ಆ ಗುಂಪಿನ ಒಂದು ಫೇಜನ್ನು ಪ್ರಯೋಗಾಲಯದಲ್ಲಿ ಬೆಳೆಸಲು ಸಾಧ್ಯವಾಗಿದ್ದು 2018ರಲ್ಲಿ. ಕರುಳಿನ ಬ್ಯಾಕ್ಟೀರಾಯ್ಡೀಸ್ ಬ್ಯಾಕ್ಟೀರಿಯಾದ ಜೊತೆ ಅದನ್ನು ಬಿಟ್ಟು ನೋಡಿದರು. ಫೇಜ್ ಬೆಳೆಯುತ್ತಾ ಹೋಯಿತು. ಬ್ಯಾಕ್ಟೀರಿಯಾವೂ ಸಾಯದೆ ಬೆಳೆಯುತ್ತಾ ಹೋಯಿತು.